‘ರಾಜಿ’ಯಲ್ಲಿ ರಾಜ ಇಲ್ಲ ಮಾರಾಯ್ರೆ

ಪ್ರಶ್ನೆ: ಸರ್, ‘ರಾಜಿ’ ಬಂದದ್ದು ‘ರಾಜ’ನಿಂದ ತಾನೇ? ಇಕ್ಕೇರಿ ಅರಸರ ಮುಂದೆ ಜಗಳ ಬಗೆಹರಿಸಿಕೊಂಡದ್ದಕ್ಕೆ ಆ ಹೆಸರಂತೆ.

ಉತ್ತರ: ಅಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ.

ಇಕ್ಕೇರಿ ಅರಸರನ್ನು ಅವರ ಪಾಡಿಗೆ ಬಿಡಿ. ರಾಜನಿಂದ ರಾಜ್ಯ ಬರುತ್ತದೆ, ರಾಜಕೀಯ ಬರುತ್ತದೆ, ರಾಜಿ ಬರುವುದಿಲ್ಲ. ಸಂಸ್ಕೃತದಲ್ಲೂ ಒಂದು ‘ರಾಜಿ’ ಇದೆ, ನಿಜ. ಅದರ ಅರ್ಥ ಸಾಲು. ನಿಮ್ಮ ಅಡಿಕೆ ಮರಗಳ ಸಾಲಿಗೆ ಬೇಕಾದರೆ ತರುರಾಜಿ ಅನ್ನಿ. ತೋಟದ ಬೇಲಿ ಜಗಳಕ್ಕೂ ಅದಕ್ಕೂ ನಂಟಿಲ್ಲ.

ನಮ್ಮ ರಾಜಿ ಅರಬ್ಬಿ ಪದ. ಪರ್ಷಿಯನ್ ಕಚೇರಿ ಭಾಷೆಯ ಜೊತೆ ಇಲ್ಲಿಗೆ ಬಂತು. ‘ಒಪ್ಪಿದವನು, ಸಮಾಧಾನವಾದವನು’ ಅಂತ ಅರ್ಥ. ಅರಬ್ಬಿಯಲ್ಲಿ ನಾಲಗೆ ಒತ್ತಿ ಹೇಳುವ ಒಂದು ದಪ್ಪ ‘ದ’ ಇದೆ. ಅದು ಪರ್ಷಿಯನ್ನರ ಬಾಯಲ್ಲಿ ಜ಼ ಆಯಿತು, ನಮ್ಮಲ್ಲಿ ಸೀದಾ ಜ. ಅರ್ಜಿ, ಹಾಜರಿ, ಖಾಜಿ, ವಜಾ ಎಲ್ಲದರಲ್ಲೂ ಇರುವುದು ಅದೇ ಅಕ್ಷರ. ಅರ್ಜಿ ಹಾಕು, ಹಾಜರಾಗು, ಕೊನೆಗೆ ರಾಜಿಯಾಗು. ಒಂದು ಸಿವಿಲ್ ಕೇಸಿನ ಇಡೀ ಜಾತಕ ಇಷ್ಟೇ ಅಲ್ವಾ?

ನಮ್ಮೂರಲ್ಲಿ ಬೇಲಿ ಸಾಲಿನ ಹಲಸಿನ ಮರಕ್ಕೆ ಅಣ್ಣ ತಮ್ಮ ಕಿತ್ತಾಡಿದ್ದರು. ಪಂಚಾಯ್ತಿಗೆ ಕೂತ ಹಿರಿಯರು ಕೇಳಿದ್ದು ಇಷ್ಟೇ: “ಕಾಯಿ ಅವನಿಗೆ, ನಾಟ ನಿಂಗೆ. ರಾಜಿಯೇನೋ?” ಅಣ್ಣ “ರಾಜಿ” ಅಂದ. ಪದದ ಹಳೇ ಅರ್ಥ ಅಲ್ಲಿ ಹಾಗೇ ಇತ್ತು. ಅವನ ಮೋರೆ ಮಾತ್ರ ಹುಳಿ ತಿಂದ ಹಾಗಿತ್ತು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ‘ರಜೆ’ಯೂ ಇದೇ ಮನೆಯ ಕೂಸು. ಮೊದಲು ಅದಕ್ಕೆ ಒಪ್ಪಿಗೆ, ಅಪ್ಪಣೆ ಅಂತ ಅರ್ಥ. ಜುಲೈಯಲ್ಲಿ ಆಗುಂಬೆ, ಹೊಸನಗರದ ಕಡೆ ಮಳೆ ಜಡಿ ಹಿಡಿದಾಗ ಮಕ್ಕಳು ಬೆಳಗಾದರೆ ಕಾಯುವುದು ಡಿಸಿ ಸಾಹೇಬರ ಅಪ್ಪಣೆಯನ್ನೇ.

ಹಾಗಾದರೆ ರಾಜೀನಾಮೆ? ‘ನಾಮೆ’ ಅಂದರೆ ಪತ್ರ. ಒಪ್ಪಿಗೆ ಪತ್ರ! ಹಿಂದಿಯವರಿಗೆ ಅದು ಈಗಲೂ ರಾಜಿ ಪತ್ರವೇ. ನಾವು ಮತ್ತು ಮರಾಠಿಯವರು ಅದನ್ನು ಕೊಟ್ಟು ಕೆಲಸ ಬಿಡುತ್ತೇವೆ. ಹಳೇ ಮುಂಬಯಿ ಪ್ರಾಂತ್ಯದ ಕಂದಾಯ ದಫ್ತರದಲ್ಲಿ ಇದಕ್ಕೊಂದು ಸುಳಿವಿದೆ. ರೈತ ಜಮೀನು ಬಿಟ್ಟುಕೊಡುವಾಗ ಬರೆಯುತ್ತಿದ್ದದ್ದು ರಾಜೀನಾಮೆ. ಅದನ್ನು ವಹಿಸಿಕೊಳ್ಳುವವನು ಬರೆಯುತ್ತಿದ್ದದ್ದು ಕಬೂಲಾಯತಿ. ಆಗ ಬಿಡುತ್ತಿದ್ದದ್ದು ಗದ್ದೆ, ಈಗ ಕುರ್ಚಿ.