ಬೆಳಗಿನ ಓಟಕ್ಕೂ ಮಧ್ಯಾಹ್ನದ ಓಟಕ್ಕೂ ತಾಳೆ ಹಾಕಬೇಡಿ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಭಾಗದ ಎಷ್ಟೋ ಕಾಲೇಜುಗಳಲ್ಲಿ ಒಂದೇ ಥರದ ಫೈಲ್ ತಯಾರಾಗುತ್ತದೆ. ವಿದ್ಯಾರ್ಥಿಯ ಹೆಸರು, ಮೊದಲ ಫಿಟ್‌ನೆಸ್ ಟೆಸ್ಟಿನ ಅಂಕಿ, ಎರಡನೇ ಟೆಸ್ಟಿನ ಅಂಕಿ, ಕೊನೆಗೆ ‘ಪ್ರಗತಿ’ ಅಂತ ಒಂದು ಕಾಲಂ. ಒಂದರಲ್ಲಿ ಒಂದು ಕಳೆದು ಬಂದದ್ದನ್ನು ಅಲ್ಲಿ ಬರೆದಿರುತ್ತಾರೆ. ಮೊದಲ ಟೆಸ್ಟ್ ಎಷ್ಟು ಗಂಟೆಗೆ ಆಯಿತು, ಎರಡನೆಯದು ಎಷ್ಟು ಗಂಟೆಗೆ, ಅವತ್ತು ಬಿಸಿಲು ಹೇಗಿತ್ತು, ಹುಡುಗ ಊಟ ಮಾಡಿ ಬಂದಿದ್ದನೋ ಉಪವಾಸ ಇದ್ದನೋ, ಒಂದೂ ಬರೆದಿರುವುದಿಲ್ಲ. ಇಂಥ ಫೈಲ್ ಕೈಗೆ ಬಂದಾಗೆಲ್ಲ ಸಂಕಟವಾಗುತ್ತದೆ. ಫೈಲ್ ಕಪಾಟು ಸೇರುತ್ತದೆ, ಸರಿ. ಆದರೆ ಆ ಕೊನೆಯ ಕಾಲಂ ನೋಡಿದ ಮಕ್ಕಳು ‘ನನ್ನ ಕೈಲಿ ಆಗಲ್ಲ’ ಅಂತ ತೀರ್ಮಾನ ಮಾಡಿಕೊಂಡು ಮೈದಾನದ ಕಡೆ ಬರುವುದನ್ನೇ ಬಿಡುತ್ತಾರೆ.

ನಾನು ರಾಯಚೂರಿನಲ್ಲಿ ಪದವಿ ಕಾಲೇಜಿನ ಮಕ್ಕಳಿಗೆ ದೈಹಿಕ ಶಿಕ್ಷಣ ಕಲಿಸುವವನು. ಯಾವ ಟೆಸ್ಟ್ ಒಳ್ಳೆಯದು ಎಂಬ ಚರ್ಚೆ ಇಲ್ಲಿ ಬೇಡ. ಕೆನೆತ್ ಕೂಪರ್ 1968ರಲ್ಲಿ ಅಮೆರಿಕದ ವಾಯುಪಡೆಯವರನ್ನು ಓಡಿಸಿ ರೂಪಿಸಿದ 12 ನಿಮಿಷದ ಓಟ ಇರಲಿ, ಬೆಂಚು ಹತ್ತಿ ಇಳಿಯುವ ಸ್ಟೆಪ್ ಟೆಸ್ಟ್ ಇರಲಿ, ಬೀಪ್ ಸದ್ದಿಗೆ ಓಡುವ 20 ಮೀಟರ್ ಶಟಲ್ ಇರಲಿ, ಸರಿಯಾಗಿ ಮಾಡಿದರೆ ಎಲ್ಲವೂ ಒಳ್ಳೆಯವೇ. ನಾನು ಹೇಳಬೇಕಾದದ್ದು ಒಂದೇ ಮಾತು. ಎರಡು ಅಳತೆಗಳನ್ನು ತಾಳೆ ಹಾಕಬೇಕು ಅಂದರೆ ಎರಡನ್ನೂ ಒಂದೇ ಸ್ಥಿತಿಯಲ್ಲಿ ತೆಗೆದಿರಬೇಕು. ಒಂದೇ ಹೊತ್ತು, ಒಂದೇ ಜಾಗ, ಒಂದೇ ಸಾಮಾನು, ಸಾಧ್ಯವಾದರೆ ಅಳೆಯುವವರೂ ಒಬ್ಬರೇ. ಕೇಳಿದವರೆಲ್ಲ ‘ಅದು ಗೊತ್ತಿದ್ದದ್ದೇ ಅಲ್ವಾ’ ಅನ್ನುತ್ತಾರೆ. ಮುಂದಿನ ಸಲ ಮತ್ತೆ ಅದೇ ತಪ್ಪು.

ಮೊದಲು ಬಿಸಿಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ವಿಷಯ ಇಲ್ಲ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ನಡುವೆ ನಾವು. ಆದರೂ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮೊದಲ ಟೆಸ್ಟ್ ಮಳೆಗಾಲ ಮುಗಿಯುತ್ತಿರುವಾಗ, ಸೆಪ್ಟೆಂಬರಿನಲ್ಲಿ ಬೆಳಿಗ್ಗೆ 7ಕ್ಕೆ ನಡೆದಿರುತ್ತದೆ. ಎರಡನೆಯದು ಏಪ್ರಿಲ್‌ನಲ್ಲಿ ಬೆಳಗಿನ ಕ್ಲಾಸುಗಳೆಲ್ಲ ಮುಗಿದ ಮೇಲೆ, 11 ಗಂಟೆಗೋ 12 ಗಂಟೆಗೋ. ಫಲಿತಾಂಶ ಇಳಿದಿದೆ ಅಂದರೆ ಆಶ್ಚರ್ಯ ಏನಿದೆ?

ಬಿಸಿಲಲ್ಲಿ ಓಡುವಾಗ ಹೃದಯಕ್ಕೆ ಎರಡು ಕೆಲಸ. ಕಾಲಿನ ಸ್ನಾಯುಗಳಿಗೆ ರಕ್ತ ಕಳಿಸಬೇಕು. ಮೈ ತಂಪು ಮಾಡಲು ಚರ್ಮಕ್ಕೂ ರಕ್ತ ಕಳಿಸಬೇಕು. ಮೇಲಿಂದ ಬೆವರು ಹೋದಷ್ಟೂ ರಕ್ತದಲ್ಲಿನ ನೀರಿನಂಶ ಕಡಿಮೆಯಾಗುತ್ತದೆ, ಒಂದು ಬಡಿತಕ್ಕೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ಹೃದಯ ಜೋರಾಗಿ ಬಡಿಯಲೇಬೇಕು. ಮನುಷ್ಯ ಅವನೇ, ಅವನ ಸಾಮರ್ಥ್ಯವೂ ಅಷ್ಟೇ. ನಾಡಿಯ ಲೆಕ್ಕ ಮಾತ್ರ ಬೇರೆ.

ಇದನ್ನು ಅಂಕಿಯಲ್ಲೇ ನೋಡೋಣ. ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್ ನಮ್ಮಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಬೆಂಚಿನ ಎತ್ತರ ಸುಮಾರು 41 ಸೆಂ.ಮೀ. ಹುಡುಗರು ನಿಮಿಷಕ್ಕೆ 24 ಸಲ, ಹುಡುಗಿಯರು 22 ಸಲ ಹತ್ತಿ ಇಳಿಯಬೇಕು, ಒಟ್ಟು 3 ನಿಮಿಷ. ನಿಂತ ಮೇಲೆ 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ನಾಡಿ ಎಣಿಸಿ 4ರಿಂದ ಗುಣಿಸಬೇಕು. ಹುಡುಗರಿಗಾದರೆ ಆ ನಾಡಿಯನ್ನು 0.42ರಿಂದ ಗುಣಿಸಿ 111.33ರಲ್ಲಿ ಕಳೆದರೆ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯದ ಅಂದಾಜು ಸಿಗುತ್ತದೆ (ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿ.ಲೀ. ಅಂತ). ತಂಪು ಹೊತ್ತಿನಲ್ಲಿ ಒಬ್ಬನ ನಾಡಿ 152 ಇತ್ತು ಅನ್ನಿ. ಲೆಕ್ಕ 47.5 ಬರುತ್ತದೆ. ಅವನದೇ ನಾಡಿ ಮಧ್ಯಾಹ್ನದ ಸೆಕೆಯಲ್ಲಿ 168ಕ್ಕೆ ಹೋಯಿತು ಅನ್ನಿ. ಲೆಕ್ಕ 40.8. ಕಾಗದ ನೋಡಿದವರು ‘ಇವನು ಇಡೀ ವರ್ಷ ಸುಮ್ನೆ ಕೂತು ಹಾಳಾದ’ ಅನ್ನುತ್ತಾರೆ. ಅವನು ಕೂತಿರಲೇ ಇಲ್ಲ, ದಿನಾ ಮೈದಾನಕ್ಕೆ ಬಂದಿರಬಹುದು.

‘ನಾವು ಬಿಸಿಲಾಗ ಹುಟ್ಟಿ ಬೆಳದವರ್ರಿ ಸರ, ನಮಗೇನೂ ಆಗಂಗಿಲ್ಲ’ ಅನ್ನುವ ಹುಡುಗರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರ ಹುಮ್ಮಸ್ಸು ನನಗೆ ಇಷ್ಟ. ಬಿಸಿಲಲ್ಲಿ ದುಡಿದು ಒಗ್ಗಿದ ದೇಹ ಬೇಗ ಬೆವರುತ್ತದೆ, ತಡೆದುಕೊಳ್ಳುತ್ತದೆ ಎನ್ನುವುದೂ ನಿಜ. ಹಾಗೆ ಒಗ್ಗಲು 10ರಿಂದ 14 ದಿನ ಬೇಕು. ಆದರೆ ಒಗ್ಗಿದ ದೇಹದಲ್ಲೂ ತಂಪಿನ ನಾಡಿ ಬೇರೆ, ಸೆಕೆಯ ನಾಡಿ ಬೇರೆ. ಮಾತಿನಿಂದ ಅವರು ಒಪ್ಪದಿದ್ದಾಗ ನಾನು ಹತ್ತಿಯ ಲೆಕ್ಕ ಕೇಳುತ್ತೇನೆ. ‘ಹಸಿ ಹತ್ತಿ ತೂಕ ಹಾಕಿ ಬರ್ಕೊಂಡು, ಒಣಗಿದ ಮ್ಯಾಲ ಮತ್ತ ತೂಕ ಹಾಕಿ, ನಿಮ್ಮ ಮನಿಯಾಗ ಹತ್ತಿ ಕಳುವಾಗ್ಯಾದ ಅಂದ್ರ ಒಪ್ತೀಯೇನು?’ ಅಲ್ಲಿಗೆ ವಾದ ಮುಗಿಯುತ್ತದೆ. ಅರ್ಧಕ್ಕರ್ಧ ಮಕ್ಕಳು ಹತ್ತಿ ಹೊಲದಿಂದ ಬಂದವರು.

ಇದರಿಂದ ಆಗುವ ಹಾನಿ ಎಂಥದ್ದು ಅಂತ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಮೈದಾನಕ್ಕೆ ಬೆಳಿಗ್ಗೆ ಪೊಲೀಸ್ ನೇಮಕಾತಿಗೆ ತಯಾರಿ ಮಾಡುವ ಮಕ್ಕಳೂ ಬರುತ್ತಾರೆ. ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 400 ಮೀಟರ್ ಓಟದ ಚಿಂತೆ. ಅವರಲ್ಲಿ ದೇವದುರ್ಗದ ಕಡೆಯ ಒಬ್ಬ ಹುಡುಗಿ, ಬೇರೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಒಂದು ದಿನ ಓಡದೆ ಮೆಟ್ಟಿಲ ಮೇಲೆ ಕೂತಿದ್ದಳು. ಕೇಳಿದರೆ, ‘ನಂದು ಕಮ್ಮಿ ಆಗ್ಯಾದ್ರಿ ಸರ, ಶೀಟಿನ್ಯಾಗ ಬರದಾರ’ ಅಂದಳು. ಅವರ ಕಾಲೇಜಿನಲ್ಲಿ ಎರಡನೇ ಸ್ಟೆಪ್ ಟೆಸ್ಟ್ ಮಧ್ಯಾಹ್ನ ತಗಡಿನ ಶೆಡ್ಡಿನ ಕೆಳಗೆ ನಡೆದಿತ್ತು. ಅವಳು ಬೆಳಿಗ್ಗೆ ಬಸ್ ಹತ್ತುವ ಗಡಿಬಿಡಿಯಲ್ಲಿ ಏನೂ ತಿಂದಿರಲಿಲ್ಲ, ನೀರೂ ಕುಡಿದಿರಲಿಲ್ಲ. ಮೊದಲ ಟೆಸ್ಟ್ ಮಾತ್ರ ತಂಪು ಹೊತ್ತಿನಲ್ಲಿ ಆಗಿತ್ತು. ಆ ವಾರದಲ್ಲೇ ಬೆಳಿಗ್ಗೆ ರೊಟ್ಟಿ ತಿಂದು ಸ್ವಲ್ಪ ಹೊತ್ತು ಬಿಟ್ಟು ಬರಲು ಹೇಳಿ, ಮೊದಲಿನ ಹೊತ್ತಿಗೇ, ಅಷ್ಟೇ ಎತ್ತರದ ಬೆಂಚಿನ ಮೇಲೆ ಮತ್ತೆ ಮಾಡಿಸಿದೆ. ಅವಳ ನಾಡಿ ಮೊದಲ ಟೆಸ್ಟಿಗಿಂತ ಇಳಿದಿತ್ತು. ಅಂದರೆ ಅವಳು ಸುಧಾರಿಸಿದ್ದಳು. ಅದನ್ನು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಶೀಟಿನಲ್ಲಿ ಬರೆದದ್ದು ಸುಳ್ಳಿರಬಹುದು ಅಂತ ನಮ್ಮ ಮಕ್ಕಳು ಸುಲಭಕ್ಕೆ ಯೋಚಿಸುವುದಿಲ್ಲ.

ಹಾಗಂತ ನಾಡಿ ಜಾಸ್ತಿ ಇದ್ದರೆ ಎಲ್ಲದಕ್ಕೂ ಬಿಸಿಲೇ ಕಾರಣ ಅಂತ ನಾನು ಹೇಳುತ್ತಿಲ್ಲ. ತಂಪು ಹೊತ್ತಿನಲ್ಲೂ ನಾಡಿ ವಿಪರೀತ ಏರುತ್ತಿದ್ದರೆ, ಬೇಗ ಏದುಸಿರು ಬರುತ್ತಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ಹಿಮೋಗ್ಲೋಬಿನ್ ನೋಡಿಸಿ. ಹುಡುಗಿಯರಲ್ಲಿ 100 ಮಿ.ಲೀ. ರಕ್ತಕ್ಕೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57%ರಷ್ಟು ಜನರಿಗೆ ಅದು ಇದೆ. ಅಂಥ ಹುಡುಗಿಯನ್ನು ‘ಸೋಮಾರಿ’ ಅಂತ ಬೈದು ಇನ್ನೊಂದು ಸುತ್ತು ಓಡಿಸುವುದು ಅನ್ಯಾಯ. ಔಷಧ ವೈದ್ಯರ ಕೆಲಸ, ಗಮನಿಸಿ ಕಳಿಸುವುದು ನಮ್ಮ ಕೆಲಸ.

ಹೊತ್ತು ಸರಿ ಮಾಡಿಕೊಂಡ ಮೇಲೂ ಅಳತೆ ಕೆಡುವ ದಾರಿಗಳು ಬೇಕಾದಷ್ಟಿವೆ. ನಮ್ಮ ಬಹಳಷ್ಟು ಕಾಲೇಜುಗಳಿಗೆ 400 ಮೀಟರ್ ಟ್ರ್ಯಾಕ್ ಇಲ್ಲ. ಸುಣ್ಣದ ಗೆರೆ ಹಾಕಿ ‘ಇದು 200’ ಅಂದುಕೊಳ್ಳುತ್ತೇವೆ. ವಾರ್ಷಿಕ ಕ್ರೀಡಾಕೂಟ ಬಂದಾಗ ಯಾರೋ ಗೆರೆ ಹೊಸದಾಗಿ ಹಾಕುತ್ತಾರೆ, ಪೆಂಡಾಲಿಗೆ ಜಾಗ ಬೇಕು ಅಂತ ಒಂದು ಮೂಲೆ ಒಳಗೆ ತಳ್ಳುತ್ತಾರೆ. ಸುತ್ತು 190 ಮೀಟರ್ ಆಯಿತು ಅನ್ನಿ. ಹುಡುಗ 12 ನಿಮಿಷದಲ್ಲಿ 12 ಸುತ್ತು ಓಡಿದರೆ ನಾವು 2400 ಬರೆಯುತ್ತೇವೆ. ಅವನು ಓಡಿದ್ದು 2280. ಓಡಿದ ದೂರದಿಂದ ಅದೇ ಆಮ್ಲಜನಕ ಸಾಮರ್ಥ್ಯದ ಅಂದಾಜು ಕೊಡುವ ಕೂಪರ್ ಸೂತ್ರದಲ್ಲಿ ಆ 120 ಮೀಟರ್ ಅಂದರೆ ಸುಮಾರು 2.7ರಷ್ಟು ವ್ಯತ್ಯಾಸ. ಓಡದೇ ಗಳಿಸಿದ ಪ್ರಗತಿ! ನೆಲವೂ ಹಾಗೇ. ನಮ್ಮ ಎರೆಮಣ್ಣು ಮಳೆ ಬಿದ್ದಾಗ ಬೂಟಿಗೆ ಮೆತ್ತಿಕೊಂಡು ಕಾಲು ಎತ್ತಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಟೆಸ್ಟಿನ ದಿನವೇ ಟೇಪು ಹಿಡಿದು ಸುತ್ತನ್ನು ಅಳೆಯಿರಿ. ಅರ್ಧ ಗಂಟೆಯ ಕೆಲಸ.

ಕೂತು ಮುಂದಕ್ಕೆ ಬಾಗುವ ಸಿಟ್ ಅಂಡ್ ರೀಚ್ ಟೆಸ್ಟಿನಲ್ಲಿ ಇನ್ನೊಂದು ತೊಡಕು. ಕೆಲವು ಪೆಟ್ಟಿಗೆಗಳಲ್ಲಿ ಪಾದ ತಾಗುವ ಗೆರೆ 23 ಸೆಂ.ಮೀ.ಗೆ ಇರುತ್ತದೆ, ಕೆಲವುದರಲ್ಲಿ 26ಕ್ಕೆ. 23ರ ಹಳೆಯ ಪೆಟ್ಟಿಗೆ ಮುರಿದು 26ರ ಹೊಸದು ತರಿಸಿದರೆ ಇಡೀ ಕ್ಲಾಸಿನ ಬೆನ್ನು ಒಂದೇ ದಿನದಲ್ಲಿ 3 ಸೆಂ.ಮೀ. ಜಾಸ್ತಿ ಬಾಗಿದಂತೆ ಕಾಣುತ್ತದೆ. ಸಂಜೆ ಹೊತ್ತು ಮೈ ಬಿಸಿ ಇರುತ್ತದೆ, ಬೆಳಿಗ್ಗೆಗಿಂತ ಸಲೀಸಾಗಿ ಬಾಗುತ್ತದೆ. ಅದೂ ಪ್ರಗತಿ ಅಲ್ಲ.

ನಾಡಿ ಎಣಿಸುವವರ ಬಗ್ಗೆ ಹೇಳಲೇಬೇಕು. 15 ಸೆಕೆಂಡ್ ಎಣಿಸುವಾಗ ಒಂದು ಬಡಿತ ತಪ್ಪಿದರೆ ನಿಮಿಷಕ್ಕೆ 4 ತಪ್ಪಿದ ಹಾಗೆ. ಎಣಿಕೆ ಶುರು ಮಾಡಲು ಅರ್ಧ ನಿಮಿಷ ತಡ ಮಾಡಿದರೆ ಅಷ್ಟರಲ್ಲಿ ನಾಡಿ ಇಳಿದುಹೋಗಿರುತ್ತದೆ. ಬೆಂಚಿನ ಮುಂದೆ ಇಬ್ಬರು ಗೆಳೆಯರನ್ನು ನಿಲ್ಲಿಸಿ ‘ನೀವೇ ಎಣಿಸ್ಕೊಳ್ರಿ’ ಅಂತ ಹೇಳಿ ಮೇಷ್ಟ್ರು ಆಫೀಸಿಗೆ ಹೋದರೆ ಸಿಗುವುದು ಸ್ನೇಹದ ಅಂಕಿ. ತಾಳಕ್ಕೆ ಮೊಬೈಲಿನ ಮೆಟ್ರೊನೋಮ್ (ಒಂದೇ ಸಮ ಟಿಕ್ ಟಿಕ್ ಅನ್ನುವ ಆ್ಯಪ್) ಇಡಿ, ನಿಮಿಷಕ್ಕೆ ಹುಡುಗರಿಗೆ 96 ಟಿಕ್, ಹುಡುಗಿಯರಿಗೆ 88, ಒಂದು ಸಲ ಹತ್ತಿ ಇಳಿಯಲು ನಾಲ್ಕು ಟಿಕ್. ಬಾಯಲ್ಲಿ ‘ಹತ್ತು, ಹತ್ತು, ಇಳಿ, ಇಳಿ’ ಅಂತ ಹೇಳುತ್ತಾ ಹೋದರೆ ಮೂರನೇ ನಿಮಿಷದಲ್ಲಿ ಹೇಳುವವರಿಗೇ ಸುಸ್ತಾಗಿ ತಾಳ ನಿಧಾನ ಆಗುತ್ತದೆ.

ಇಷ್ಟೊಂದು ಕೂದಲು ಸೀಳಬೇಕಾ ಅಂತ ಕೆಲವು ಪ್ರಿನ್ಸಿಪಾಲರು ಕೇಳುತ್ತಾರೆ. ಬೇಕು. ವಾರಕ್ಕೆ ಎರಡು ಪೀರಿಯಡ್ ಕೊಟ್ಟರೆ ಆಗುವ ಬದಲಾವಣೆಯೇ ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ ಹೇಳುತ್ತದೆ. ನಮ್ಮ ಎರಡು ಪೀರಿಯಡ್ಡಿನಲ್ಲಿ ಹಾಜರಿ, ಸಾಲು ನಿಲ್ಲಿಸುವುದು ಕಳೆದು ಉಳಿಯುವುದು ಎಷ್ಟು? ವಾರಕ್ಕೆ 3 ದಿನ ಬಿಡದೆ ಓಡುವವರಲ್ಲಿ ಸಾಮಾನ್ಯವಾಗಿ 8ರಿಂದ 12 ವಾರಕ್ಕೆ ಬದಲಾವಣೆ ಎದ್ದು ಕಾಣುತ್ತದೆ. ಉಳಿದವರಲ್ಲಿ ಅದು ಸಣ್ಣ ಅಂಕಿ, ಅಳತೆಯ ತಪ್ಪು ಅದಕ್ಕಿಂತ ದೊಡ್ಡದಾಗಿದ್ದರೆ ಮುಚ್ಚಿಹೋಗುತ್ತದೆ. ನಿಮ್ಮ ಅಳತೆಯಲ್ಲಿ ತಪ್ಪು ಎಷ್ಟು ಅಂತ ತಿಳಿಯಲು ಸುಲಭ ದಾರಿ ಇದೆ. ಹತ್ತು ಜನರನ್ನು ಒಂದೇ ವಾರದಲ್ಲಿ ಎರಡು ಸಲ ಅಳೆಯಿರಿ. ಒಂದು ವಾರದಲ್ಲಿ ಯಾರ ಫಿಟ್‌ನೆಸ್ಸೂ ಬದಲಾಗುವುದಿಲ್ಲ. ಆದರೂ ಅಂಕಿ ಎಷ್ಟು ಆಚೀಚೆ ಆಗುತ್ತದೋ, ಅದಕ್ಕಿಂತ ಚಿಕ್ಕ ಬದಲಾವಣೆಯನ್ನು ಏರಿಕೆ ಅಂತಲೂ ಬರೆಯಬೇಡಿ, ಇಳಿಕೆ ಅಂತಲೂ ಬರೆಯಬೇಡಿ. 50 ಮೀಟರ್ ಓಟಕ್ಕೆ ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡ್ ನಮ್ಮ ಬೆರಳಿನದೇ ಇರಬಹುದು. ಮೊದಲ ಸಲ ಯಾವ ಟೆಸ್ಟನ್ನೂ ಲೆಕ್ಕಕ್ಕೆ ಹಿಡಿಯದೆ ರೂಢಿಗೆ ಅಂತ ಮಾಡಿಸುವುದೂ ಒಳ್ಳೆಯದು. ಎರಡನೇ ಸಲ ಮಕ್ಕಳು ಟೆಸ್ಟನ್ನು ಕಲಿತಿರುತ್ತಾರೆ, ಅಷ್ಟಕ್ಕೇ ಅಂಕಿ ಏರುತ್ತದೆ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ದೇಶದ ದೊಡ್ಡ ಕ್ರೀಡಾಪಟುಗಳು ಅಲ್ಲಿ ತರಬೇತಿ ಪಡೆಯುತ್ತಾರೆ. ‘ಅಲ್ಲಿನಂಥ ಅಳೆಯುವ ಮಷಿನ್ ನಮ್ಮಲ್ಲಿ ಎಲ್ಲಿ ಬರಬೇಕು’ ಅಂತ ಸಹೋದ್ಯೋಗಿಗಳು ನಿಟ್ಟುಸಿರು ಬಿಡುತ್ತಾರೆ. ಗೆಳೆಯರೇ, ಎಷ್ಟು ದುಬಾರಿ ಮಷಿನ್ ತಂದರೂ ಇವತ್ತು ಬೆಳಿಗ್ಗೆ, ನಾಳೆ ಮಧ್ಯಾಹ್ನ ಅಳೆದರೆ ಇದೇ ಗೋಳು. ಟೇಪು, ಸ್ಟಾಪ್‌ವಾಚ್, ಒಂದು ಗಟ್ಟಿ ಬೆಂಚು, ಒಂದು ನೋಟ್‌ಬುಕ್ ಇದ್ದರೆ ಪದವಿ ಕಾಲೇಜಿಗೆ ಸಾಕು.

ತೂಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ನಮ್ಮ ಹುಡುಗ ಎಷ್ಟು ಕೆ.ಜಿ. ಇಳದಾನ್ರಿ ಸರ?’ ಅಂತ ಕೇಳುವ ಅಪ್ಪಂದಿರಿಗೆ ಒಂದು ಮಾತು. ಒಂದು ಲೀಟರ್ ನೀರು ಕುಡಿದು ತಕ್ಕಡಿ ಹತ್ತಿದರೆ ಒಂದು ಕೆ.ಜಿ. ಏರಿರುತ್ತದೆ. ಕಬಡ್ಡಿ ಆಡಿ ತೊಡೆ ಗಟ್ಟಿಯಾದ ಹುಡುಗ ತೂಕ ಏರಿಸಿಕೊಂಡೇ ಆರೋಗ್ಯವಾಗಿರಬಹುದು. ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ವಾರಗಟ್ಟಲೆ ಊರಲ್ಲೇ ಉಳಿಯುತ್ತಾರೆ. ಹಾಜರಿ ಶೀಟಿನಲ್ಲಿ ಅವರು ಗೈರು, ಆದರೆ ದಿನವಿಡೀ ಬಗ್ಗಿ ದುಡಿದಿರುತ್ತಾರೆ. ವಾಪಸ್ ಬಂದ ಮರುದಿನವೇ ಟೆಸ್ಟಿಗೆ ನಿಲ್ಲಿಸಬೇಡಿ. ದಣಿದ ಮೈಯನ್ನು ಅಳೆದು ಫಿಟ್‌ನೆಸ್ ಅಂತ ಬರೆಯುವುದಾಗುತ್ತದೆ. ಎರಡು ಮೂರು ದಿನ ನಿದ್ದೆ ಮಾಡಲಿ.

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಅಂಕಿಯ ಪಕ್ಕ ದಿನಾಂಕ, ಗಂಟೆ, ಮೊಬೈಲಿನಲ್ಲಿ ಆಗ ತೋರಿಸಿದ ತಾಪಮಾನ, ನೆಲ ಒಣಗಿತ್ತೋ ಹಸಿ ಇತ್ತೋ, ಬೂಟೋ ಬರಿಗಾಲೋ, ಕೊನೆಯ ಊಟ ಯಾವಾಗ, ರಾತ್ರಿ ನಿದ್ದೆ ಹೇಗಿತ್ತು, ಎಣಿಸಿದವರು ಯಾರು ಅಂತ ಇರುತ್ತದೆ. ಒಬ್ಬರಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಜ್ವರ ಬಂದು ಹೋಗಿದ್ದರೆ, ಎದೆನೋವು, ತಲೆಸುತ್ತು, ಉಬ್ಬಸ ಇದ್ದರೆ ಅವತ್ತು ಟೆಸ್ಟ್ ಇಲ್ಲ, ವೈದ್ಯರು ನೋಡಿ ಹೂಂ ಅಂದ ಮೇಲೇ. ಎರಡನೇ ಟೆಸ್ಟನ್ನು ಏಪ್ರಿಲ್‌ಗೆ ತಳ್ಳದೆ ಫೆಬ್ರುವರಿಯ ಬೆಳಿಗ್ಗೆಗೆ ತಂದುಕೊಳ್ಳಿ. ವೇಳಾಪಟ್ಟಿ ಬಿಡಲೇ ಇಲ್ಲ, ಏಪ್ರಿಲ್‌ನಲ್ಲೇ ಮಾಡಬೇಕು ಅಂದರೆ 6 ಗಂಟೆಗೆ ಶುರು ಮಾಡಿ 7ಕ್ಕೆ ಮುಗಿಸಿ, ನೀರು ಇಟ್ಟುಕೊಳ್ಳಿ. ಆವತ್ತಿನ ಸ್ಥಿತಿ ಮೊದಲಿನ ಹಾಗಿರದಿದ್ದರೆ ‘ಪ್ರಗತಿ’ ಕಾಲಮ್ಮಿನಲ್ಲಿ ‘ತಾಳೆ ಆಗುವುದಿಲ್ಲ’ ಅಂತ ಬರೆದು ಸಹಿ ಹಾಕಿ. ಯಾರಾದರೂ ಯಾಕೆ ಅಂತ ಕೇಳಿದರೆ ಪಕ್ಕದಲ್ಲಿ ಬರೆದ ಗಂಟೆ ಮತ್ತು ತಾಪಮಾನ ತೋರಿಸಿ.