‘ಒಂದೇ ನೈಂಟಿ ಸಾರ್’: ಕುಡಿದು ಗಾಡಿ ಓಡಿಸಿದ ಕೇಸು ನಡೆದು ಬಂದ ದಾರಿ

“ಒಂದೇ ನೈಂಟಿ ಸಾರ್” ಎನ್ನುವ ಮಾತಿಗೆ ಕಾನೂನು ಮೂರು ಕಾಲದಲ್ಲಿ ಮೂರು ಬೆಲೆ ಕಟ್ಟಿದೆ. 1939ರ ಮೋಟಾರು ವಾಹನ ಕಾಯ್ದೆ ಬಂದಾಗ ಕಲಂ 117 ನೋಡುತ್ತಿದ್ದುದು ಚಾಲಕ ಎಷ್ಟು ಕುಡಿದಿದ್ದಾನೆ ಎಂದಲ್ಲ, ಗಾಡಿ ಅವನ ಹಿಡಿತದಲ್ಲಿತ್ತೇ ಎಂದು. ಬಾಯಿ ವಾಸನೆ, ತೊದಲು ಮಾತು, ತೂರಾಟ ಇವೇ ಸಾಕ್ಷಿ. ಅಲ್ಲಿ ನೈಂಟಿಯ ಮಾತು ಸಮಜಾಯಿಷಿಯಾಗಿ ನಿಲ್ಲಬಹುದಿತ್ತು. 1988ರ ಕಾಯ್ದೆಯ ಕಲಂ 185 ಇನ್ನೊಂದು ತುದಿಯಲ್ಲಿತ್ತು: ರಕ್ತದಲ್ಲಿ ಮದ್ಯ ಎಷ್ಟೇ ಅಲ್ಪವಿದ್ದರೂ ಅಪರಾಧ. ಅದೇ ಮಾತು ತಪ್ಪೊಪ್ಪಿಗೆಯಾಯಿತು. 1994ರ ತಿದ್ದುಪಡಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂದು ಗೆರೆ ಎಳೆದು, ಅಳತೆಯನ್ನು ಊದುವ ಮಷಿನ್ನಿಗೆ ಬಿಟ್ಟಿತು. ಅಲ್ಲಿಂದ ಅದು ಬರೀ ಲೆಕ್ಕ.

ಆ ಲೆಕ್ಕ ಹೀಗಿದೆ. ಶೇ. 42.8ರ ವಿಸ್ಕಿ 90 ಮಿಲಿಲೀಟರಿನಲ್ಲಿ ಸುಮಾರು 30 ಗ್ರಾಂ ಮದ್ಯಸಾರ ಇರುತ್ತದೆ. 60 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು 70 ಮಿಲಿಗ್ರಾಂ ಆಸುಪಾಸಿಗೆ ಏರಬಹುದು. ಇಳಿಯುವುದು ಗಂಟೆಗೆ ಹೆಚ್ಚುಕಮ್ಮಿ 15. ಗೆರೆಯ ಕೆಳಗೆ ಬರಲು ಮೂರು ಗಂಟೆಯಾದರೂ ಬೇಕು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಇದನ್ನು ಬೇಗ ಇಳಿಸುವುದಿಲ್ಲ.

2019ರ ಸೆಪ್ಟೆಂಬರ್ 1ರಿಂದ ಮೊದಲ ಸಲದ ದಂಡ 2,000ದಿಂದ 10,000 ರೂಪಾಯಿಗೆ ಏರಿತು. ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ, 2 ವರ್ಷದವರೆಗೆ ಜೈಲು, ಅಥವಾ ಎರಡೂ. ಅದೇ ತಿಂಗಳು ರಾಜ್ಯ ಸರ್ಕಾರ ಹಲವು ದಂಡಗಳನ್ನು ಇಳಿಸಿತಲ್ಲ ಎಂದು ವಾದಿಸುವವರಿದ್ದಾರೆ. ಇಳಿದದ್ದು ಸ್ಥಳದಲ್ಲೇ ಕಟ್ಟಿ ಮುಗಿಸಬಹುದಾದ ಕೇಸುಗಳ ದಂಡ. ಕಲಂ 185 ಆ ಪಟ್ಟಿಯಲ್ಲೇ ಇಲ್ಲ. ಅದು ಕೋರ್ಟಿನಲ್ಲೇ ತೀರಬೇಕು. ರಸ್ತೆ ಬದಿಯಲ್ಲಿ ಕೈಬದಲಾಗುವ ದುಡ್ಡು ದಂಡವಲ್ಲ, ಅದಕ್ಕೆ ಬೇರೆ ಹೆಸರಿದೆ.

ಊದಲ್ಲ ಎಂದು ಹಟ ಹಿಡಿಯುವುದರಿಂದ ಲಾಭವಿಲ್ಲ. ಸಕಾರಣವಿಲ್ಲದ ನಿರಾಕರಣೆಯನ್ನು ಕಲಂ 205ರಡಿ ಪೊಲೀಸರ ಸಾಕ್ಷ್ಯಕ್ಕೆ ಪೂರಕವೆಂದು ತೆಗೆದುಕೊಳ್ಳಬಹುದು. ಆದರೆ ಹೊಸ ನಳಿಕೆ ಕೇಳಿ. ಆಗಷ್ಟೇ ಮದ್ಯಸಾರವಿರುವ ಕೆಮ್ಮಿನ ಸಿರಪ್ ಕುಡಿದಿದ್ದರೆ, ಮೌತ್‌ವಾಶ್ ಬಳಸಿದ್ದರೆ ಬಾಯಲ್ಲಿ ಉಳಿದ ಅಂಶವೇ ರೀಡಿಂಗ್ ಏರಿಸುತ್ತದೆ. ಅದನ್ನು ಹೇಳಿ, ಬಾಯಿ ಮುಕ್ಕಳಿಸಿ, 15 ನಿಮಿಷ ಬಿಟ್ಟು ಮತ್ತೊಮ್ಮೆ ಊದಿಸಲು ಕೋರಿ. ಚೀಟಿಯಲ್ಲಿ ಹೊತ್ತು, ರೀಡಿಂಗ್, ಮಷಿನ್ ನಂಬರ್ ನೋಡಿಕೊಳ್ಳಿ.

ಬಂಧಿಸಿದರೆ, ಕಲಂ 202ರ ಪ್ರಕಾರ 2 ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ಶಿವಮೊಗ್ಗ ಪೇಟೆಯಲ್ಲಿ ಮೆಗ್ಗಾನ್ ಆಸ್ಪತ್ರೆ ಹತ್ತಿರವೇ ಇದೆ. ಆಷಾಢದ ಮಳೆಯಲ್ಲಿ ಆಗುಂಬೆ ಘಾಟಿಯ ಬಳಿ ಹಿಡಿದವರನ್ನು ತೀರ್ಥಹಳ್ಳಿಗೆ ತರುವಾಗ, ದಾರಿಗೆ ಮರ ಬಿದ್ದಿದ್ದರೆ, ಈ 2 ಗಂಟೆಗೆ ಬೆಲೆ ಬರುತ್ತದೆ. ಹಾಗೆ ಬಿಟ್ಟರೂ ಅದು ಬಂಧನದಿಂದ ಬಿಡುಗಡೆ, ಕೇಸಿನಿಂದಲ್ಲ.

ರಕ್ತ ತೆಗೆಯುವಾಗ ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು. ಬಾಟಲಿಗೆ ಸೋಡಿಯಂ ಫ್ಲೋರೈಡ್ ಹಾಕಿರಬೇಕು. ಇಲ್ಲದಿದ್ದರೆ ಮಾದರಿ ಹುದುಗು ಬಂದು ತಾನೇ ಮದ್ಯಸಾರ ಹುಟ್ಟಿಸಬಹುದು. ವಕೀಲರು ಕಡತದಲ್ಲಿ ಮೊದಲು ಹುಡುಕುವುದು ಇವನ್ನೇ: ಹೊತ್ತು, ಸೀಲು, ಮಷಿನ್ನಿನ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ದಿನಾಂಕ.

ಕಲಂ 185 ಜಾಮೀನು ಸಿಗುವ ಅಪರಾಧ. ಜಾಮೀನು ಕೇಳುವುದು ಹಕ್ಕು. ಬಂಧನದ ಕಾರಣ ತಿಳಿಯುವ, ಮನೆಯವರಿಗೆ ಸುದ್ದಿ ಮುಟ್ಟಿಸುವ, ವಿಚಾರಣೆ ವೇಳೆ ವಕೀಲರನ್ನು ಕಾಣುವ ಹಕ್ಕೂ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಗೆ ಅರ್ಜಿ ಹಾಕಬಹುದು, ಸಹಾಯವಾಣಿ 15100. ಕಸ್ಟಡಿಯಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿದೆ. ಅಪಘಾತದಲ್ಲಿ ಜೀವ ಹೋಗಿದ್ದರೆ ಮಾತ್ರ ಕಥೆಯೇ ಬೇರೆ, ಅನುಭವಿ ಕ್ರಿಮಿನಲ್ ವಕೀಲರೇ ಬೇಕು: ಕುಡಿದು ಏಳು ಮಂದಿಯ ಸಾವಿಗೆ ಕಾರಣನಾದ ಮುಂಬೈ ಚಾಲಕನ ಕೇಸನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಬರೀ ನಿರ್ಲಕ್ಷ್ಯ ಎನ್ನದೆ, ಕೊಲೆಯಲ್ಲದ ನರಹತ್ಯೆ ಎಂದೇ ಎತ್ತಿಹಿಡಿಯಿತು.

“ತಪ್ಪಾಯ್ತು ಅಂತ ದಂಡ ಕಟ್ಟಿ ಬಂದ್ಬಿಡು” ಎಂಬ ಸಲಹೆ ಕೋರ್ಟಿನ ಅಂಗಳದಲ್ಲಿ ಧಾರಾಳವಾಗಿ ಸಿಗುತ್ತದೆ. ಒಪ್ಪಿಕೊಂಡರೂ ಅದು ಶಿಕ್ಷೆಯೇ, ಮತ್ತು ಕಲಂ 20ರ ಪ್ರಕಾರ ಶಿಕ್ಷೆಯಾದರೆ ಕನಿಷ್ಠ 6 ತಿಂಗಳು ಚಾಲನಾ ಅನರ್ಹತೆ ಬೀಳುತ್ತದೆ. ಸಾಗರದಿಂದ ಜೋಗಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಹಳದಿ ಬೋರ್ಡಿನ ಚಾಲಕನಿಗೆ 10,000 ರೂಪಾಯಿಗಿಂತ ಭಾರ ಅದೇ, ಸಹಿ ಹಾಕುವ ಮೊದಲು ವಕೀಲರನ್ನು ಕೇಳಬೇಕಾದದ್ದೂ ಅದನ್ನೇ.