ಎನ್‌ವಿಡಿಯಾ ಡ್ರೈವರ್ ಹಾಕಿದರೂ ಗ್ರಾಫಿಕ್ಸ್ ಕಾರ್ಡ್ ಕೆಲಸ ಮಾಡದಿದ್ದಾಗ: ಉಬುಂಟು ಟಿಪ್ಪಣಿ

ಬೆಳಗಾವಿಯ ನಮ್ಮ ಪ್ರಾಜೆಕ್ಟ್ ಗುಂಪಿನಲ್ಲಿ ಹೆಚ್ಚಿನವರದು ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್. ಪಕ್ಕದಲ್ಲೇ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡಿದ್ದೇವೆ. ಟಿಳಕವಾಡಿ ರೂಮಿನಲ್ಲಿ ಎಲ್ಲರ ಪ್ರಶ್ನೆಯೂ ಒಂದೇ: "ಡ್ರೈವರ್ ಹಾಕೇನಿ, ಮತ್ಯಾಕ ಬರವಲ್ದು?"

ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಹಾಕುವುದು ಸುಲಭ. ಟರ್ಮಿನಲ್‌ನಲ್ಲಿ 'ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಕೊಟ್ಟರೆ ಸಾಕು. ಆದರೆ ಡಿಸ್ಕಿನಲ್ಲಿ ಡ್ರೈವರ್ ಇರುವುದು ಬೇರೆ, ಕರ್ನಲ್ (ಉಬುಂಟುವಿನ ತಿರುಳು) ಅದನ್ನು ಒಳಗೆ ಬಿಟ್ಟುಕೊಳ್ಳುವುದು ಬೇರೆ.

ಮೊದಲು 'ಎಲ್‌ಎಸ್‌ಪಿಸಿಐ -ಕೆ' ಕೊಟ್ಟು ಕಾರ್ಡಿನ ಹೆಸರಿನ ಕೆಳಗೆ ನೋಡಿ. 'ಕರ್ನಲ್ ಮಾಡ್ಯೂಲ್ಸ್' (ಕರ್ನಲ್ ಒಳಗೆ ಸೇರುವ ಡ್ರೈವರ್ ತುಂಡುಗಳು) ಸಾಲಿನಲ್ಲಿ ನುವೋ (ಉಬುಂಟು ಜೊತೆಗೇ ಬರುವ ಡ್ರೈವರ್), ಎನ್‌ವಿಡಿಯಾ ಎರಡೂ ಕಾಣಬಹುದು. ಅವು ಬರೀ ಲಭ್ಯ ಇರುವ ಹೆಸರುಗಳು. ನಿಜ ಹೇಳುವುದು 'ಕರ್ನಲ್ ಡ್ರೈವರ್ ಇನ್ ಯೂಸ್' ಸಾಲು. ಕೆಲವೊಮ್ಮೆ ಆ ಸಾಲೇ ಇರುವುದಿಲ್ಲ! ಹೊಸ ಡ್ರೈವರ್ ಬಂದು ನುವೋವನ್ನು ತಡೆದಿದೆ, ಆದರೆ ಕರ್ನಲ್ ಎನ್‌ವಿಡಿಯಾವನ್ನೂ ಒಳಗೆ ಬಿಟ್ಟಿಲ್ಲ. ಕಾರ್ಡ್ ಯಾರ ಕೈಯಲ್ಲೂ ಇಲ್ಲ.

ಆಗ 'ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ' ಕೊಡಿ. 'ನಾಟ್ ಫೌಂಡ್' ಬಂದರೆ ಮಾಡ್ಯೂಲ್ ತಯಾರಾಗಿಲ್ಲ. ಅದನ್ನು ಕಟ್ಟಲು ಬೇಕಾದ ಕರ್ನಲ್ ಹೆಡರ್ಸ್ ಫೈಲುಗಳು ಇವೆಯಾ ನೋಡಿ. 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಬಂದರೆ ತಡೆದದ್ದು ಸೆಕ್ಯೂರ್ ಬೂಟ್.

ಇಲ್ಲಿ ನಿಧಾನವಾಗಿ ಓದಿ. ಸೆಕ್ಯೂರ್ ಬೂಟ್ ಆನ್ ಇದ್ದರೆ, ಮಷೀನು ನಂಬಿದ ಕೀಯಿಂದ (ಸಹಿ ಹಾಕುವ ಡಿಜಿಟಲ್ ಕೀಲಿ) ಸಹಿ ಆದ ಮಾಡ್ಯೂಲ್ ಮಾತ್ರ ಒಳಗೆ ಹೋಗುತ್ತದೆ. ಡಿಕೆಎಂಎಸ್ ಎಂಬ ಪ್ರೋಗ್ರಾಂ ನಿಮ್ಮ ಮಷೀನಿನಲ್ಲೇ ಮಾಡ್ಯೂಲ್ ಕಟ್ಟಿ, ಅಲ್ಲೇ ಹುಟ್ಟಿದ ಕೀಯಿಂದ ಸಹಿ ಹಾಕುತ್ತದೆ. ಆ ಕೀ ಯಾರದೆಂದು ಮಷೀನಿಗೆ ಗೊತ್ತಿಲ್ಲ. ಗೊತ್ತು ಮಾಡಿಸಲು ಉಬುಂಟು ಏಳುವ ಮೊದಲು ಕೀಬೋರ್ಡ್ ಮುಂದೆ ಒಬ್ಬ ಮನುಷ್ಯ ಕೂತಿರಲೇಬೇಕು. ಇಲ್ಲದಿದ್ದರೆ ಯಾವ ಕೆಟ್ಟ ಪ್ರೋಗ್ರಾಂ ಬೇಕಾದರೂ ತನ್ನ ಕೀಯನ್ನು ತಾನೇ ಸೇರಿಸಿಕೊಳ್ಳಬಹುದಲ್ವಾ?

ಅದಕ್ಕೇ ಇನ್‌ಸ್ಟಾಲ್ ಹೊತ್ತಿನಲ್ಲಿ ಹೊಸ ಪಾಸ್‌ವರ್ಡ್ ಕೇಳುತ್ತದೆ. ಅದು ಲಾಗಿನ್ ಪಾಸ್‌ವರ್ಡ್ ಅಲ್ಲ, ಒಂದೇ ಸಲದ್ದು. ಬರೀ ಅಂಕಿ ಇಟ್ಟರೆ ಒಳ್ಳೆಯದು, ಯಾಕೆಂದರೆ ಮುಂದಿನ ಪರದೆಯಲ್ಲಿ ಕೀಬೋರ್ಡ್ ಲೇಔಟ್ ಬೇರೆ ಇರಬಹುದು. ರೀಬೂಟ್ ಆದಾಗ ನೀಲಿ ಪರದೆ ಬರುತ್ತದೆ. ಸುಮಾರು 10 ಸೆಕೆಂಡಿನೊಳಗೆ ಕೀಬೋರ್ಡಿನ ಯಾವುದಾದರೂ ಗುಂಡಿ ಒತ್ತಿ. ಮೆನುವಿನಲ್ಲಿ ಮೊದಲು ಇರುವುದು 'ಕಂಟಿನ್ಯೂ ಬೂಟ್'. ಅವಸರದಲ್ಲಿ ಎಂಟರ್ ಒತ್ತಿದರೆ ಎಲ್ಲ ವ್ಯರ್ಥ. ಕೆಳಗಿಳಿದು 'ಎನ್‌ರೋಲ್ ಮಾಕ್' (ಮಾಕ್ ಎಂದರೆ ಮಷೀನಿನ ಮಾಲೀಕರ ಕೀ), ಆಮೇಲೆ 'ಕಂಟಿನ್ಯೂ', 'ಯೆಸ್', ಆ ಪಾಸ್‌ವರ್ಡ್, ರೀಬೂಟ್.

ಪರದೆ ತಪ್ಪಿಹೋದರೆ ಡ್ರೈವರ್ ತೆಗೆದು ಹಾಕುವುದು ಬೇಡ. 'ಸುಡೊ ಮಾಕ್‌ಯುಟಿಲ್ --ಇಂಪೋರ್ಟ್' ಬರೆದು, ಮುಂದೆ '/ವಾರ್/ಲಿಬ್/ಶಿಮ್-ಸೈನ್ಡ್/ಮಾಕ್' ಫೋಲ್ಡರಿನ 'ಮಾಕ್.ಡಿಇಆರ್' ಫೈಲಿನ ಪೂರ್ತಿ ದಾರಿ ಕೊಡಿ. ಮತ್ತೆ ರೀಬೂಟ್ ಮಾಡಿದರೆ ನೀಲಿ ಪರದೆ ಬರುತ್ತದೆ.

ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಕೆಲಸ ಆಗುತ್ತದೆ. ಆದರೆ ವಿಂಡೋಸ್ ಕಡೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಇದ್ದರೆ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕೀ ಒಮ್ಮೆ ಸೇರಿತೆಂದರೆ, ಕರ್ನಲ್ ಅಪ್‌ಡೇಟ್ ಆದಾಗಲೂ ಡಿಕೆಎಂಎಸ್ ಅದೇ ಕೀಯಿಂದ ಸಹಿ ಹಾಕುತ್ತದೆ. ಆಗ ನೀಲಿ ಪರದೆಯ ಕೆಲಸ ಇರುವುದಿಲ್ಲ.